ತಟ್ಟೆಯಲ್ಲಿ ಬಂದ ಗೆಜ್ಜೆ

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಶ್ರೀಲಕ್ಷ್ಮೀ ಡ್ಯಾನ್ಸ್ ಕ್ಲಾಸು ಶುರು ಮಾಡಿ ಹತ್ತು ವರ್ಷವಾಗಿತ್ತು. ಈ ಹತ್ತು ವರ್ಷದಲ್ಲಿ, ಮಗಳನ್ನು ತಂದು ಸೇರಿಸುವಾಗ "ಮಾತು ಕೇಳಲಿಲ್ಲಂದ್ರ ಎರಡು ಬಿಗೀರಿ ಮೇಡಂ, ನಾವೇನೂ ಅನ್ನಂಗಿಲ್ಲ" ಎಂದು ಹೇಳದ ಒಬ್ಬ ತಂದೆಯನ್ನೂ ಅವಳು ಕಂಡಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ತೂಗಿಸಿಕೊಂಡ ಮೇಲೆ ನಾಲ್ಕೆಸಳು ಕರಿಬೇವು ಕೇಳುತ್ತಾರಲ್ಲ, ಅಷ್ಟು ಸಲೀಸಾಗಿ ಕೇಳುತ್ತಿದ್ದರು. "ನಮ್ಮಲ್ಲಿ ಹೊಡೆಯೋ ಪದ್ಧತಿ ಇಲ್ರೀ" ಎಂದರೆ ಮುಖ ಸಪ್ಪಗಾಗುತ್ತಿತ್ತು. ಹೊಡೆಯದ ಟೀಚರು ಏನು ಕಲಿಸಿಯಾಳು ಎಂಬ ಅನುಮಾನ. ಒಬ್ಬಾತನಂತೂ ಇವಳ ಎದುರಿಗೇ ಹೆಂಡತಿಯ ಕಡೆ ತಿರುಗಿ, "ಬ್ಯಾರೆ ಕಡೆ ನೋಡೂಣೇನು?" ಎಂದು ಕೇಳಿದ್ದ.

ಇದನ್ನೆಲ್ಲ ಕೇಳಿ ಕೇಳಿ ಶ್ರೀಲಕ್ಷ್ಮಿಗೆ ತಲೆ ಚಿಟ್ಟು ಹಿಡಿದಿತ್ತು. ಅವಳ ಎಡಗಾಲಿನ ಮೊಣಕಾಲ ಕೆಳಗೆ ಉದ್ದನೆಯ ಗಾಯದ ಗುರುತೊಂದಿದೆ. ಬಳ್ಳಾರಿಯಲ್ಲಿ ಹುಡುಗಿಯಾಗಿದ್ದಾಗ ನಾಟ್ಯ ಕಲಿಸಿದ ಮೇಷ್ಟ್ರು ತಾಳ ತಟ್ಟುವ ಕೋಲನ್ನು ಬೀಸಿ ಒಗೆದದ್ದು. ಆ ಗಾಯವನ್ನು ಅವಳು ಕ್ಷಮಿಸಿಬಿಟ್ಟಿದ್ದಳು. ಭಂಗಿ ತಿದ್ದುತ್ತೇನೆಂದು ಅದೇ ಮೇಷ್ಟ್ರ ಕೈ ಬೆನ್ನಿನಿಂದ ಇಳಿದು ಎಲ್ಲೆಲ್ಲಿಗೋ ಹೋಗುತ್ತಿದ್ದುದನ್ನು ಮಾತ್ರ ನಲವತ್ತಾರು ತುಂಬಿದರೂ ಕ್ಷಮಿಸಿರಲಿಲ್ಲ. ಮನೆಯಲ್ಲಿ ಹೇಳಿದಾಗ ಅವಳ ಅಮ್ಮ, "ಗುರುಗಳ ಬಗ್ಗೆ ಹಂಗೆಲ್ಲಾ ಅನಬಾರದು" ಎಂದು ಬಾಯಿ ಮುಚ್ಚಿಸಿದ್ದಳು. ತನ್ನದೇ ಕ್ಲಾಸು ತೆರೆದ ದಿನ ಶ್ರೀಲಕ್ಷ್ಮೀ ನಿಶ್ಚಯ ಮಾಡಿದ್ದು ಇಷ್ಟೇ: ಇಲ್ಲಿಗೆ ಬರುವ ಹುಡುಗಿ ಯಾರಿಗೂ ಹೆದರಬಾರದು, ಅವಳನ್ನು ಕೇಳದೆ ಯಾರೂ ಅವಳ ಮೈ ಮುಟ್ಟಬಾರದು.

ಹೇಳುವುದು ಸುಲಭ. ನಡೆಸಲು ಹೋದರೆ ಊರಿಗೆ ಊರೇ ಅಡ್ಡ ಬರುತ್ತಿತ್ತು. ಮನೆಯ ಪಡಸಾಲೆಯೇ ಕ್ಲಾಸು. ಒಳಗೆ ಏನು ನಡೆಯುತ್ತದೆಂದು ಯಾರು ಬೇಕಾದರೂ ನೋಡಲಿ ಎಂದು ಬೀದಿಯ ಬಾಗಿಲನ್ನು ಯಾವಾಗಲೂ ತೆರೆದೇ ಇಡುತ್ತಿದ್ದಳು. ಬಾಗಿಲು ತೆರೆದರೆ ಅದಿರಿನ ಲಾರಿಗಳ ಕೆಂಪು ಧೂಳು ನೇರ ಒಳಗೆ. ದಿನಕ್ಕೆ ಮೂರು ಸಲ ನೆಲ ಒರೆಸದಿದ್ದರೆ ಹುಡುಗಿಯರು ಜಾರಿ ಬೀಳುತ್ತಾರೆ. ಮನೆಯವರು ಬಂದು ಕರೆದೊಯ್ಯುವ ತನಕ ಯಾರನ್ನೂ ಬಿಡುವುದಿಲ್ಲ ಎಂದರೆ, ಮನೆಯವರು ಲಾರಿ ಸಾಲಿನ ಹಿಂದೆ ಸಿಕ್ಕಿಬಿದ್ದು ಒಂದು ತಾಸು ತಡವಾಗಿ ಬಂದು, "ಟ್ರಾಫಿಕ್ ಮೇಡಂ" ಎಂದು ಹಲ್ಲು ಕಿರಿಯುತ್ತಿದ್ದರು. ಅಲ್ಲಿಯ ತನಕ ಹಸಿದ ಮಕ್ಕಳಿಗೆ ಅವಲಕ್ಕಿ ಕಲಸಿ ಕೊಡುವುದೂ ಅವಳ ನಾಟ್ಯಪಾಠದಲ್ಲಿ ಸೇರಿಹೋಗಿತ್ತು.

ಮನೆಯೊಳಗಿನ ಕಾಟ ಬೇರೆ. ಅತ್ತೆ ಗಂಗಾಬಾಯಿಯವರಿಗೆ ಎಂಬತ್ತು ವರ್ಷ. ಮಡಿ ಮಾಡುವುದರಲ್ಲಿ ಎತ್ತಿದ ಕೈ. ಪಡಸಾಲೆಗೆ ದೇವರ ಕೋಣೆ ಒತ್ತಿಕೊಂಡೇ ಇದೆ. ಮುಟ್ಟಾದ ಹುಡುಗಿಯರಿಗೆ ಹೊಟ್ಟೆನೋವಿದ್ದರೆ ಕೂತು ನೋಡಲಿ ಎಂದು ಶ್ರೀಲಕ್ಷ್ಮೀ ಗೋಡೆಯ ಪಕ್ಕ ಒಂದು ಸ್ಟೂಲು ಹಾಕಿದ್ದಳು. ಗಂಗಾಬಾಯಿಯವರು ಆ ಸ್ಟೂಲಿನ ಮೇಲೆ ಕಣ್ಣಿಟ್ಟು, ಯಾರು ಕೂತರೂ, "ಏನವಾ, ನಿನಗ ಕಾಲುನೋವೋ, ಇಲ್ಲಾ ಹೊರಗಾಗೀಯೋ?" ಎಂದು ಬೀದಿಗೆ ಕೇಳುವಂತೆ ವಿಚಾರಿಸುತ್ತಿದ್ದರು. ಕೊನೆಗೆ ಯಾವ ಹುಡುಗಿಯೂ ಅದರ ಹತ್ತಿರ ಸುಳಿಯದಂತಾಯಿತು. ಶ್ರೀಲಕ್ಷ್ಮೀ ರೇಗಿ ಇನ್ನೂ ಮೂರು ಸ್ಟೂಲು ತರಿಸಿದಳು. ಅರ್ಧ ತಾಸಿಗೊಮ್ಮೆ ಎಲ್ಲರೂ ಸರದಿಯ ಮೇಲೆ ಕೂರಬೇಕು, ಆಗ ಯಾರು ಯಾಕೆ ಕೂತರೆಂದು ಅತ್ತೆಗೆ ಹೇಗೆ ತಿಳಿಯುತ್ತದೆ ನೋಡೋಣ ಎಂದು ಹೊಸ ನಿಯಮ ಮಾಡಿದಳು. ಗಂಡ ಗೋಪೀನಾಥ ಡ್ಯಾಮಿನ ಆಫೀಸಿನಲ್ಲಿ ಗುಮಾಸ್ತ. ಅವನು ಪೇಪರಿನಿಂದ ತಲೆ ಎತ್ತದೆ, "ನಿನ್ನ ಕ್ಲಾಸಿನ್ಯಾಗ ಕುಣಿಯೋದಕ್ಕಿಂತ ಕೂಡೋದ ಜಾಸ್ತಿ ಆತಲ್ಲ" ಎಂದ.

ಹೇಮಾಳನ್ನು ಅವಳು ಮೊದಲು ಕಂಡದ್ದು 2004ರಲ್ಲಿ, ಸರ್ಕಾರಿ ಶಾಲೆಯ ಮಕ್ಕಳ ಸ್ಪರ್ಧೆಗೆ ತೀರ್ಪು ಕೊಡಲು ಹೋದಾಗ. ಒಂಬತ್ತು ವರ್ಷದ ಹುಡುಗಿ. ಯಾರೂ ಕಲಿಸಿದ್ದಲ್ಲ, ಆದರೂ ಕಾಲು ಹೋಗಿ ಹೋಗಿ ತಾಳದ ಮೇಲೆಯೇ ಬೀಳುತ್ತಿತ್ತು. ಶ್ರೀಲಕ್ಷ್ಮೀ ಮರುದಿನವೇ ಹೇಳಿ ಕಳಿಸಿದಳು: ದುಡ್ಡಿನ ಮಾತೇ ಇಲ್ಲ, ಹುಡುಗಿಯನ್ನು ಕಳಿಸಿಕೊಡಿ.

ತಾಯಿ ಹೊನ್ನೂರಮ್ಮ ಮಗಳ ಕೈ ಹಿಡಿದು ಬಂದಳು. ಗಾದಿಗನೂರಿನ ಕಡೆ ಅದಿರು ಒಡೆಯುವ ಕೆಲಸ. ತಲೆಗೆ ಸುತ್ತಿದ ಟವೆಲ್ಲಿನಿಂದ ಹಿಡಿದು ಕಾಲಿನ ಉಗುರಿನ ತನಕ ಕೆಂಪು. ಒಳಗೆ ಬರಲಿಲ್ಲ, ಕಟ್ಟೆಯ ಮೇಲೂ ಕೂರಲಿಲ್ಲ. ಎರಡು ಬಿಗೀರಿ ಎಂದೂ ಹೇಳಲಿಲ್ಲ. ಅವಳು ಕೇಳಿದ್ದು ಒಂದೇ ಮಾತು.

"ಗುಡಿಯಾಗ ಮಾತ್ರ ಕುಣಿಸಬ್ಯಾಡ್ರಿ ಅಮ್ಮಾರ."

"ಇಲ್ಲ ಬಿಡ್ರಿ" ಎಂದಳು ಶ್ರೀಲಕ್ಷ್ಮೀ. ಗುಡಿಯಲ್ಲಿ ಯಾರಾದರೂ ಜಾತಿ ಎತ್ತಿ ಮಾತಾಡಿಯಾರು ಎಂಬ ಅಂಜಿಕೆ ಇರಬೇಕು ಎಂದು ತಾನೇ ಅರ್ಥ ಮಾಡಿಕೊಂಡಳು. ಇಷ್ಟು ಬೇಗ ಅರ್ಥವಾಯಿತಲ್ಲ ಎಂದು ತನ್ನನ್ನು ತಾನೇ ಮೆಚ್ಚಿಕೊಂಡಳು. ಯಾಕೆ ಎಂದು ಕೇಳಲಿಲ್ಲ. ಹುಡುಗಿಯ ಭುಜ ಸರಿಮಾಡಬೇಕಾದರೂ "ಕೈ ಇಡ್ಲೇನು?" ಎಂದು ಕೇಳುವವಳು ಇದೊಂದನ್ನೂ ಕೇಳಬಹುದಿತ್ತು.

ಮೂರು ವರ್ಷ ಹೇಮಾ ಒಂದು ದಿನವೂ ತಪ್ಪಿಸಲಿಲ್ಲ. ಉಳಿದವರ ತಾಯಂದಿರು ಹಂಪಿ ಉತ್ಸವದಲ್ಲಿ ಸ್ಟೇಜು ಯಾವಾಗ ಕೊಡಿಸುತ್ತೀರಿ, ಸಿನಿಮಾ ಹಾಡು ಯಾವಾಗ ಕಲಿಸುತ್ತೀರಿ ಎಂದು ಜೀವ ತಿನ್ನುತ್ತಿದ್ದಾಗ, ಈ ಹುಡುಗಿ ಮೂಲೆಯಲ್ಲಿ ನಿಂತು ಅದೇ ಹೆಜ್ಜೆಯ ಅಡವನ್ನು ನೂರು ಸಲ ಮಾಡುತ್ತಿತ್ತು. ಬೇಸತ್ತು ಕ್ಲಾಸು ಮುಚ್ಚಿಬಿಡೋಣ ಎನ್ನಿಸಿದ ದಿನಗಳಲ್ಲಿ ಶ್ರೀಲಕ್ಷ್ಮೀ ಆ ಮೂಲೆಯ ಕಡೆ ನೋಡುತ್ತಿದ್ದಳು. ನಾಳೆಯೂ ಬಾಗಿಲು ತೆರೆಯೋಣ ಎನ್ನಿಸುತ್ತಿತ್ತು.

2007ರ ಮಳೆಗಾಲ ಮುಗಿಯುವ ಹೊತ್ತಿಗೆ ಹೇಮಾಳೂ ಸೇರಿ ಐದು ಹುಡುಗಿಯರು ಗೆಜ್ಜೆ ಪೂಜೆಗೆ ಸಿದ್ಧರಾಗಿದ್ದರು. ಮೊದಲ ಹಂತದ ಪಾಠ ಮುಗಿದ ಮೇಲೆ ದೇವರ ಮುಂದೆ ಗೆಜ್ಜೆ ಇಟ್ಟು ಪೂಜಿಸಿ, ಗುರುವಾದವರು ಅದನ್ನು ಶಿಷ್ಯೆಯ ಕಾಲಿಗೆ ಕಟ್ಟುವುದು ನಾಟ್ಯದವರಲ್ಲಿ ನಡೆದುಬಂದ ಪದ್ಧತಿ. ಹುಡುಗಿ ಗೆಜ್ಜೆ ಕಟ್ಟಿ ಎಲ್ಲರ ಮುಂದೆ ಕುಣಿಯುವುದು ಅದೇ ಮೊದಲು. ಗುಡಿ ಬೇಡವೆಂದು ಹೊನ್ನೂರಮ್ಮ ಹೇಳಿದ್ದನ್ನು ಶ್ರೀಲಕ್ಷ್ಮೀ ಮರೆತಿರಲಿಲ್ಲ. ಅದಕ್ಕೇ ಮನೆಯ ಮುಂದೆಯೇ ಶಾಮಿಯಾನ ಹಾಕಿಸಿ, ಬಂದವರಿಗೆ ಊಟ ಹಾಕುವುದೆಂದು ಮಾಡಿದ್ದಳು.

ಅಷ್ಟರಲ್ಲಿ ಭರಮಣ್ಣ ಬಂದ. ಐವರಲ್ಲಿ ಒಬ್ಬ ಹುಡುಗಿಯ ತಂದೆ. ಲಾರಿ ಕ್ಲೀನರಾಗಿ ಶುರು ಮಾಡಿ, ಡ್ರೈವರಾಗಿ, ಈ ನಾಲ್ಕು ವರ್ಷದ ಅದಿರಿನ ಓಟದಲ್ಲಿ ಲಾರಿಗಳ ಸಾವುಕಾರನಾದವನು. ಕೆಟ್ಟವನಲ್ಲ, ಸುಮ್ಮನಿರಲು ಬಾರದವನು. ಹಿಂದೆ ಒಂದು ಸಲ ಹೊಸ ಮೊಬೈಲಿನಲ್ಲಿ ಹುಡುಗಿಯರ ವಿಡಿಯೋ ತೆಗೆಯಲು ಹೋಗಿ ಶ್ರೀಲಕ್ಷ್ಮಿಯಿಂದ ಬೈಸಿಕೊಂಡಿದ್ದ. ಈ ಸಲ ಕೈಮುಗಿದೇ ಕೂತ.

"ಸಂಡೂರಿನ ಗೆಸ್ಟ್ ಹೌಸಿನಾಗ ಒಂದು ಪಾರ್ಟಿ ಐತ್ರಿ ಮೇಡಂ. ಮಾಲು ತಗಳಾ ಮಂದಿ ಹೊರಗಿಂದ ಬರಾಕತ್ಯಾರ. ಊಟದ ಟೈಮ್ನಾಗ ನಮ್ಮ ಹುಡುಗೇರು ಹತ್ತು ನಿಮಿಷ ಕುಣಿದ್ರ ಮಸ್ತ್ ಇರ್ತೈತಿ."

"ಉಣ್ಣೋರ ಮುಂದ, ಕುಡಿಯೋರ ಮುಂದ ನನ್ನ ಹುಡುಗೇರು ಕುಣಿಯಂಗಿಲ್ಲ."

"ಅವರು ಅಂಥಾ ಮಂದಿ ಅಲ್ರೀ."

"ಎಂಥಾ ಮಂದೀನರ ಆಗಲಿ."

"ನನ್ನ ಮಗಳೂ ಇರ್ತಾಳಲ್ರೀ ಅದರಾಗ!"

"ಅದಕ್ಕ ಹೇಳಾಕತ್ತೀನ್ರೀ, ನಿಮ್ಮ ಮಗಳೂ ಇರ್ತಾಳಂತ!"

ಭರಮಣ್ಣ ತಲೆ ಕೆರೆದುಕೊಂಡ. ಸಿಟ್ಟಾಗಲಿಲ್ಲ, ಎದ್ದೂ ಹೋಗಲಿಲ್ಲ. ಶಾಮಿಯಾನ ನಾನು ಹಾಕಿಸುತ್ತೇನೆ ಎಂದ, ಬೇಡ ಎಂದಳು. ಬ್ಯಾನರು ಹಾಕಿಸುತ್ತೇನೆ ಎಂದ. ಅದೂ ಬೇಡ ಎಂದಳು. ಮೈಕು, ಊಟ, ಐಸ್‌ಕ್ರೀಮು ಎಂದು ಒಂದೊಂದೇ ಹೇಳುತ್ತಾ ಹೋದ. ಆ ವಾರವೆಲ್ಲ ಕಂಡಕಂಡವರಿಗೆ ಬೇಡ ಬೇಡ ಎಂದು ಹೇಳಿ ಶ್ರೀಲಕ್ಷ್ಮಿಯ ಬಾಯಿ ಸೋತಿತ್ತು. ಕೊನೆಗೆ ಅವನು, "ಆ ಹೊನ್ನೂರಮ್ಮನ ಮಗಳಿಗೆ ಗೆಜ್ಜಿ ಇಲ್ಲಂತಲ್ರೀ, ನನ್ನ ಮಗಳು ಹೇಳಿದ್ಲು. ಅದನ್ನರ ನಾನು ಕೊಡಿಸ್ತೀನ್ರಿ, ಪುಣ್ಯದ ಕೆಲಸ" ಎಂದಾಗ, ಇಷ್ಟಾದರೂ ಒಪ್ಪಿ ಇವನನ್ನು ಎಬ್ಬಿಸಿ ಕಳಿಸೋಣ ಎನ್ನಿಸಿತು.

"ಆತು, ಕೊಡಿಸ್ರಿ" ಎಂದಳು.

ಕ್ಲಾಸಿಗೆ ತಂದು ಕೊಡುತ್ತಾನೆ ಎಂದುಕೊಂಡಿದ್ದಳು. ಹೇಮಾಳನ್ನು ಕೇಳಲಿಲ್ಲ. ಹೊನ್ನೂರಮ್ಮನನ್ನೂ ಕೇಳಲಿಲ್ಲ. ಒಳ್ಳೆಯದು ಮಾಡುವಾಗಲೂ ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಅದಾದ ಮೂರನೆಯ ದಿನ ಹೇಮಾ ಕ್ಲಾಸಿಗೆ ಬರಲಿಲ್ಲ. ನಾಲ್ಕನೆಯ ದಿನವೂ ಇಲ್ಲ. ಜ್ವರ ಬಂದಿದೆಯೆಂದು ಯಾರ ಕೈಲೋ ಹೇಳಿ ಕಳಿಸಿದರು. ಆಮೇಲೆ ಊರಿಗೆ ಹೋಗಿದ್ದಾಳೆ ಎಂದರು. ಇನ್ನೊಬ್ಬ ಹುಡುಗಿ, "ಇಲ್ರೀ ಟೀಚರ್, ಇವತ್ತು ಶಾಲ್ಯಾಗ ನೋಡಿದ್ನಲ್ಲಾ" ಎಂದು ಗುಟ್ಟು ಬಿಟ್ಟಳು. ಶ್ರೀಲಕ್ಷ್ಮಿಗೆ ಮೈ ಉರಿದುಹೋಯಿತು. ದುಡ್ಡಿದ್ದವರ ಕಾಟ ಒಂದು ತರಹ, ಇವರದು ಇನ್ನೊಂದು ತರಹ. ಗೆಜ್ಜೆ ಪೂಜೆಗೆ ಇನ್ನು ಹತ್ತು ದಿನ ಇರುವಾಗ ಹೀಗೆ ಆಟ ಆಡಿಸುತ್ತಾರಲ್ಲ ಎಂದು ಬೈದುಕೊಳ್ಳುತ್ತ, ಭಾನುವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊರಟಳು.

ಹೊನ್ನೂರಮ್ಮನ ಮನೆ ಅದೇ ಚಿತ್ತವಾಡ್ಗಿಯ ಕೊನೆಯ ಓಣಿಯಲ್ಲಿ. ತಗಡಿನ ಸೂರು, ಮುಂದೆ ನೀರಿನ ಡ್ರಮ್ಮು. ಹೊನ್ನೂರಮ್ಮ ಗಾಬರಿಯಾಗಿ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ, "ಕುಂದ್ರಿ ಅಮ್ಮಾರ" ಎಂದಳು. ಹೇಮಾ ಬಾಗಿಲ ಹಿಂದೆ ನಿಂತಿದ್ದಳು. ಜ್ವರವೂ ಇರಲಿಲ್ಲ, ಏನೂ ಇರಲಿಲ್ಲ.

"ಯಾಕ ಕಳಸವಲ್ರಿ?"

"ಪರೀಕ್ಷಿ ಅದಾವ್ರಿ ಅಮ್ಮಾರ."

"ಪರೀಕ್ಷಿ ಇನ್ನೂ ದೂರ ಅದಾವ. ಖರೆ ಹೇಳ್ರಿ."

"ನಮ್ಮವ್ವಗ ಮೈಯಾಗ ಆರಾಮಿಲ್ರಿ."

ಆರಾಮಿಲ್ಲದ ಅವ್ವ ಉಚ್ಚೆಂಗಮ್ಮ ಅಲ್ಲೇ ಗೋಡೆಗೆ ಒರಗಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಶ್ರೀಲಕ್ಷ್ಮಿಯ ತಾಳ್ಮೆ ಹರಿದುಹೋಯಿತು. ಮೂರು ವರ್ಷ ಜೀವ ತೇದು ಕಲಿಸಿದ್ದೇನೆ, ಇಂಥ ಹುಡುಗಿ ನೂರರಲ್ಲಿ ಒಬ್ಬಳೂ ಸಿಗುವುದಿಲ್ಲ, ನಿಮಗೆ ಅದರ ಬೆಲೆಯೇ ಗೊತ್ತಿಲ್ಲ ಎಂದು ದನಿ ಏರಿಸಿದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಆಕೀನ್ನೂ ಕಲ್ಲು ಒಡಿಯಾಕ ಹಚ್ಚಬೇಕಂತ ಮಾಡೀರೇನು?" ಎಂದೂ ಅಂದುಬಿಟ್ಟಳು. ಹೊನ್ನೂರಮ್ಮ ತಲೆ ತಗ್ಗಿಸಿದಳು.

ಉಚ್ಚೆಂಗಮ್ಮ ಎದ್ದು ಒಳಗೆ ಹೋದಳು. ಒಂದು ದೊಡ್ಡ ಸ್ಟೀಲಿನ ತಟ್ಟೆ ತಂದು ಶ್ರೀಲಕ್ಷ್ಮಿಯ ಕಾಲ ಹತ್ತಿರ ಇಟ್ಟಳು. ತಟ್ಟೆಯಲ್ಲಿ ಹಸಿರು ರೇಷ್ಮೆ ಸೀರೆ, ಕುಪ್ಪಸದ ಬಟ್ಟೆ, ಅರಿಶಿನ ಕುಂಕುಮ, ಒಣಗಿಹೋದ ವೀಳ್ಯದೆಲೆ. ಮೇಲೆ ಒಂದು ಜೊತೆ ಹೊಸ ಗೆಜ್ಜೆ.

"ಇದನ್ನ ವಾಪಸ್ ಒಯ್ರಿ. ನಮಗ ಬ್ಯಾಡ."

"ಇದು... ಭರಮಣ್ಣ ಕಳಿಸಿದ್ದೇನು?"

"ಹೆಸರು ಗೊತ್ತಿಲ್ರಿ. ದೊಡ್ಡ ಕಾರು ಬಂತು ಓಣ್ಯಾಗ. ಡ್ರೈವರ ಇಳದು, ಸಾವುಕಾರ್ರು ಕಳಿಸ್ಯಾರ, ನಿಮ್ಮ ಹುಡುಗೀಗೆ ಅಂದ. ಓಣಿ ಮಂದೆಲ್ಲಾ ನಿಂತು ನೋಡ್ತು." ಉಚ್ಚೆಂಗಮ್ಮ ಮತ್ತೆ ಗೋಡೆಗೆ ಒರಗಿ ಕೂತಳು. "ನಾನು ಹನ್ನೊಂದು ವರ್ಷದಾಕಿ ಇದ್ದಾಗೂ ಹಿಂಗ ತಟ್ಟಿ ಬಂದಿತ್ರಿ. ಸೀರಿ, ಕುಬಸ, ಗೆಜ್ಜಿ. ಅದೂ ಸಾವುಕಾರ್ರು ಕಳಿಸಿದ್ದ. ಆಗ ಕಾರು ಎಲ್ಲೀವು, ಎತ್ತಿನ ಗಾಡ್ಯಾಗ ಬಂತು. ಹೊಸ ಸೀರಿ ಅಂತ ನಾನೂ ಹಿಗ್ಗಿದ್ನಿ. ಗುಡಿಯಾಗ ಪೂಜಿ ಮಾಡಿ ಕಾಲಿಗೆ ಕಟ್ಟಿದ್ರು. ಊಟ ಹಾಕಿದ್ರು. ಬಸವಿ ಬಿಟ್ಟೀವಿ ಅಂದ್ರು."

ಬಸವಿ ಎಂದರೇನೆಂದು ಈ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ದೇವರ ಹೆಸರಿನಲ್ಲಿ ಬಿಟ್ಟ ಹೆಣ್ಣು. ಅವಳಿಗೆ ಮದುವೆ ಇಲ್ಲ, ಸಾವುಕಾರ ಕರೆದಾಗ ಒಲ್ಲೆ ಎನ್ನುವ ಬಾಯಿಯೂ ಇಲ್ಲ. ಕಾನೂನು ಬಂದು ಅದು ನಿಂತಿದೆ ಎಂದು ಶ್ರೀಲಕ್ಷ್ಮೀ ಓದಿ ತಿಳಿದಿದ್ದಳು. ಅದನ್ನು ಉಂಡ ಹೆಂಗಸು ತನ್ನ ಮನೆಯಿಂದ ಎರಡು ಓಣಿ ಆಚೆ ಇದ್ದಾಳೆಂದು ತಿಳಿದಿರಲಿಲ್ಲ.

"ಕಟ್ಟಾಕ ಊರ ಮಂದೆಲ್ಲಾ ಬಂದಿತ್ರಿ ಅಮ್ಮಾರ" ಎಂದಳು ಉಚ್ಚೆಂಗಮ್ಮ. "ಬಿಚ್ಚಾಕ ಒಬ್ಬರೂ ಬರಲಿಲ್ಲ."

ಹೊನ್ನೂರಮ್ಮ ತಲೆ ಎತ್ತದೆಯೇ, "ಶಾಲ್ಯಾಗ ಅಪ್ಪನ ಹೆಸರು ಕೇಳಿದ್ರ ನಾನು ಗ್ವಾಡಿ ನೋಡ್ತಿದ್ನಿರಿ. ಅದಕ್ಕ ನಾಕನೇತ್ತಕ್ಕ ಶಾಲಿ ಬಿಟ್ಟೆ" ಎಂದಳು. "ನೀವು ಅಂಥೋರಲ್ಲ ಅಂತ ಗೊತ್ತೈತ್ರಿ. ಆದ್ರ ಗೆಜ್ಜಿ ಪೂಜಿ ಅಂದ್ರಿ, ಊಟ ಅಂದ್ರಿ, ಆಮ್ಯಾಲ ಈ ತಟ್ಟಿ ಬಂತು. ಅವ್ವ ಮೂರು ದಿನ ಕೂಳು ಮುಟ್ಟಲಿಲ್ಲ."

ಶ್ರೀಲಕ್ಷ್ಮಿಗೆ ನಾಚಿಕೆಯಾಯಿತು. ಎಂಥ ನಾಚಿಕೆ ಎಂದರೆ, ಆ ಕುರ್ಚಿಯ ಮೇಲೆ ಕೂತಿರಲಾರದೆ ಎದ್ದು ನಿಂತಳು. ಬಾಗಿಲು ತೆರೆದಿಟ್ಟಿದ್ದೇನೆ, ಹೊಡೆಯುವುದಿಲ್ಲ, ಕೇಳದೆ ಮುಟ್ಟುವುದಿಲ್ಲ ಎಂದು ಹತ್ತು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದವಳು, ಒಬ್ಬ ಸಾವುಕಾರನ ಕಾರನ್ನು ಈ ಓಣಿಗೆ ತಾನೇ ಕಳಿಸಿದ್ದಳು. ಅದಕ್ಕಿಂತ ಹೆಚ್ಚಾಗಿ, ಈ ಮನೆಯೊಳಗೆ ಬಂದು ಕೂತು, ಕಲ್ಲು ಒಡೆದು ಮಗಳನ್ನು ಸಾಕುತ್ತಿರುವವಳಿಗೆ ಕಲ್ಲು ಒಡೆಯುವ ಮಾತು ಆಡಿದ್ದಳು.

"ತಪ್ಪಾತ್ರಿ" ಎಂದಳು. "ನಾನು ನಿಮ್ಮನ್ನ ಕೇಳಬೇಕಾಗಿತ್ತು."

ಬಾಗಿಲ ಹಿಂದಿನಿಂದ ಹೇಮಾ, "ನಾನು ಕುಣೀಬೇಕ್ರಿ ಟೀಚರ್" ಎಂದಳು. ಉಚ್ಚೆಂಗಮ್ಮ ಗಕ್ಕನೆ ತಿರುಗಿ, "ಬಾಯಿ ಮುಚ್ಚಲೇ" ಎಂದು ಗದರಿದಳು. ಹುಡುಗಿ ಬಾಯಿ ಮುಚ್ಚಿತು. ಕಣ್ಣಿನಿಂದ ನೀರು ಮಾತ್ರ ಇಳಿಯುತ್ತಲೇ ಇತ್ತು. ಶ್ರೀಲಕ್ಷ್ಮೀ ತಟ್ಟೆ ಎತ್ತಿಕೊಂಡು ಹೊರಬಂದು, ಆಟೋ ಹತ್ತಿ, ನೇರ ಭರಮಣ್ಣನ ಹೊಸ ಬಂಗಲೆಗೆ ಹೋದಳು.

ಭರಮಣ್ಣ ತಟ್ಟೆ ನೋಡಿ ಮೊದಲು ಸಿಟ್ಟಾದ. "ಏನ್ರೀ ಮೇಡಂ, ಕೊಟ್ಟದ್ದನ್ನ ವಾಪಸ್ ತರ್ತಾರೇನ್ರಿ? ನಮ್ಮಾಕಿ ಹೇಳಿದ್ಲು, ಹೆಣ್ಣುಮಗಳಿಗೆ ಬರೇ ಗೆಜ್ಜಿ ಕೊಡಬಾರದು, ಸೀರಿ ಕುಬಸ ಇಟ್ಟು ಕೊಡಬೇಕು ಅಂತ."

"ಕಾರಿನ್ಯಾಗ ಯಾಕ ಕಳಿಸಿದ್ರಿ?"

"ಮತ್ತ ಲಾರ್ಯಾಗ ಕಳಸಲೇನ್ರಿ?"

ಶ್ರೀಲಕ್ಷ್ಮೀ ಹಣೆ ಚಚ್ಚಿಕೊಂಡಳು. ನಡೆದದ್ದನ್ನೆಲ್ಲ ಹೇಳಿದಳು. ಕೇಳುತ್ತಾ ಕೇಳುತ್ತಾ ಭರಮಣ್ಣನ ಮುಖ ಇಳಿಯಿತು. ಸೋಫಾದ ತುದಿಗೆ ಕೂತ. "ನನಗೂ ಅಷ್ಟ ದೊಡ್ಡ ಮಗಳದಾಳ್ರಿ" ಎಂದು ಎರಡು ಸಲ ಹೇಳಿದ. ಮೂರನೆಯ ಸಲ ಹೇಳುವ ಬದಲು ಎದ್ದು ನಿಂತು, "ನಡೀರಿ, ಈಗಿಂದೀಗ ಹೋಗಿ ಆ ಅಜ್ಜಿ ಕಾಲಿಗೆ ಬೀಳ್ತೀನಿ. ಲೇ ಕೊಟ್ರಯ್ಯ, ಕಾರು ತೆಗಿಯೋ!" ಎಂದು ಡ್ರೈವರನನ್ನು ಕೂಗಿ ಕರೆದ.

"ಕಾರು ಬ್ಯಾಡ! ನಿಮಗ ಕೈಮುಗೀತೀನ್ರಿ, ಮನ್ಯಾಗ ಇರ್ರಿ. ಏನೂ ಮಾಡಬ್ಯಾಡ್ರಿ. ಒಂದ ಸಲ, ಒಂದ ಒಂದು ಸಲ, ಏನೂ ಮಾಡಬ್ಯಾಡ್ರಿ!"

ಅವನು ಅಷ್ಟೊಂದು ಪೆಚ್ಚಾಗಿ ನಿಂತದ್ದನ್ನು ಅವಳು ನೋಡಿರಲಿಲ್ಲ. ಪಾಪ ಎನ್ನಿಸಿತು, ಆದರೆ ಪಾಪ ಎನ್ನಲೂ ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

ಮರುದಿನ ಅವಳು ತಾಯಿ ತಂದೆಯರನ್ನೆಲ್ಲ ಕರೆದು ಗೆಜ್ಜೆ ಪೂಜೆ ಇಲ್ಲ ಎಂದು ಹೇಳಿದಳು. ಗೆಜ್ಜೆ ಇರುತ್ತದೆ, ಪೂಜೆ ಇರುವುದಿಲ್ಲ. ಯಾರೂ ಯಾರಿಗೂ ಕಟ್ಟುವುದಿಲ್ಲ. ಕಟ್ಟಿಕೊಳ್ಳಬೇಕು ಎನ್ನಿಸಿದ ಹುಡುಗಿ ತನ್ನ ಕಾಲಿಗೆ ತಾನೇ ಕಟ್ಟಿಕೊಂಡು ಕುಣಿಯುತ್ತಾಳೆ, ಕುಣಿದಾದ ಮೇಲೆ ತಾನೇ ಬಿಚ್ಚಿಡುತ್ತಾಳೆ. ಯಾಕೆಂದು ಹೇಳಲಿಲ್ಲ; ಅದು ಇನ್ನೊಬ್ಬರ ಮನೆಯ ಮಾತು, ಅದನ್ನು ಹೇಳಲು ಇವಳಾರು?

ಪಡಸಾಲೆಯಲ್ಲಿ ಗದ್ದಲವೋ ಗದ್ದಲ. ಕಾರ್ಡು ಅಚ್ಚಾಗಿದೆ ಎಂದರು. ಕಂಪ್ಲಿಯಿಂದ ಬೀಗರು ಬರುತ್ತಾರೆ, ಅವರಿಗೆ ಏನು ಹೇಳುವುದು ಎಂದರು. ಫೋಟೋದವನಿಗೆ ಹೇಳಿಯಾಗಿದೆ ಎಂದರು. ಒಬ್ಬಾಕೆ, "ಗುರು ಕಟ್ಟದಿದ್ರ ಅದು ಗೆಜ್ಜಿ ಹೆಂಗಾತ್ರಿ?" ಎಂದು ಕೇಳಿದಳು. ಒಳಗಿನಿಂದ ಗಂಗಾಬಾಯಿಯವರು, "ಹಂಗ ಕೇಳ್ರಿ! ನಮ್ಮ ಮಾತು ಎಲ್ಲಿ ಕೇಳ್ತಾಳ ಆಕಿ? ಪದ್ಧತಿ ಅನ್ನೋದು ಒಂದು ಅದನೋ ಇಲ್ಲೋ?" ಎಂದು ದನಿಗೂಡಿಸಿದರು. ಶ್ರೀಲಕ್ಷ್ಮೀ ಹೇಳಿದ್ದನ್ನೇ ನಾಲ್ಕು ಸಲ ಹೇಳಿದಳು.

ಆ ವಾರ ಒಂಬತ್ತು ಹುಡುಗಿಯರು ಕ್ಲಾಸು ಬಿಟ್ಟರು. ಭರಮಣ್ಣನ ಮಗಳೂ ಬಿಟ್ಟಳು. ಅವನೇ ಫೋನ್ ಮಾಡಿ, "ನಮ್ಮಾಕಿ ಒಪ್ಪವಲ್ಲಳ್ರಿ ಮೇಡಂ, ಮಗಳಿಗೆ ಗುರುವಿನ ಕೈಯಿಂದನ ಕಟ್ಟಸ್ತೀನಿ ಅಂತಾಳ. ನಾನು ಏನೂ ಮಾಡಬಾರದು ಅಂತ ನೀವ ಹೇಳೀರಲ್ಲ, ಸುಮ್ಮನಾದ್ನಿ" ಎಂದ. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟೆಲ್ಲ ಮಾಡಿದ್ದು ಯಾರಿಗೋಸ್ಕರವೋ ಆ ಹುಡುಗಿಯ ಸುಳಿವೇ ಇರಲಿಲ್ಲ. ಶ್ರೀಲಕ್ಷ್ಮೀ ಮತ್ತೆ ಆ ಓಣಿಗೆ ಹೋಗಲಿಲ್ಲ. ಹೋದರೆ ಒತ್ತಾಯ ಮಾಡಿದಂತೆ. ಹೊನ್ನೂರಮ್ಮ ಕೆಲಸದಿಂದ ಬರುವಾಗ ದಾರಿಯಲ್ಲಿ ಸಿಕ್ಕಾಗ ಇನ್ನು ಮುಂದೆ ಕ್ಲಾಸಿನಲ್ಲಿ ಹೀಗೆ ನಡೆಯುತ್ತದೆ ಎಂದು ಹೇಳಿ, "ಬರ್ರಿ ಅಂತ ನಾ ಅನ್ನಂಗಿಲ್ಲ. ನಿಮಗ ಗೊತ್ತಿರಲಿ ಅಂತ ಹೇಳಿದೆ" ಎಂದು ಮುಗಿಸಿದಳು. ಹೊನ್ನೂರಮ್ಮ "ಹ್ಞೂಂ" ಎಂದಳು, ಅಷ್ಟೇ.

ಮೂರು ವಾರ ಕಳೆಯಿತು. ಒಂದು ಸಂಜೆ, ಉಳಿದ ಹದಿಮೂರು ಹುಡುಗಿಯರು ಸಾಲಾಗಿ ನಿಂತು ಅಡವು ಹಾಕುತ್ತಿದ್ದಾಗ, ತೆರೆದ ಬಾಗಿಲಲ್ಲಿ ಉಚ್ಚೆಂಗಮ್ಮ ಬಂದು ನಿಂತಳು. ಹಿಂದೆ ಹೇಮಾ. ಶ್ರೀಲಕ್ಷ್ಮೀ ತಾಳ ನಿಲ್ಲಿಸಿ, "ಒಳಗ ಬರ್ರಿ" ಎಂದಳು. ಉಚ್ಚೆಂಗಮ್ಮ ಒಳಗೆ ಬರಲಿಲ್ಲ. ಹೊಸ್ತಿಲ ಆಚೆ, ಕಟ್ಟೆಯ ಮೇಲೆ ಕೂತಳು. ಮಡಿಲಿನಿಂದ ಒಂದು ಜೊತೆ ಸಣ್ಣ ಗೆಜ್ಜೆ ತೆಗೆದಳು. ಕೆಂಪು ಬಟ್ಟೆಗೆ ಹೊಲಿದ ಗೆಜ್ಜೆ, ಕಟ್ಟಲು ಎರಡು ಕಡೆ ದಾರ.

"ಇದನ್ನ ಹೊನ್ನೂರಿ ತಂದಾಳ. ಬಜಾರದಾಗ ತಾನ ನೋಡಿ ತಗಂಡಾಳ" ಎಂದಳು. "ಯಾರ ಕಟ್ಟತೀರಿ?"

"ಯಾರೂ ಕಟ್ಟಂಗಿಲ್ರಿ. ಆಕಿನ ಕಟ್ಟಿಕೊಂತಾಳ."

ಉಚ್ಚೆಂಗಮ್ಮ ಮೊಮ್ಮಗಳ ಕಡೆ ನೋಡಿ, "ಕಟ್ಟು" ಎಂದಳು. ಹೇಮಾ ಕಟ್ಟೆಯ ಮೇಲೆ ಕೂತು ಎರಡೂ ಕಾಲಿಗೆ ಕಟ್ಟಿಕೊಂಡಳು. ಎದ್ದು ಒಳಗೆ ಓಡಬೇಕೆನ್ನುವಷ್ಟರಲ್ಲಿ ಉಚ್ಚೆಂಗಮ್ಮ, "ಬಿಚ್ಚು" ಎಂದಳು. ಬಿಚ್ಚಿದಳು. "ಮತ್ತ ಕಟ್ಟು." ಕಟ್ಟಿದಳು. "ಬಿಚ್ಚು." ಒಳಗಿದ್ದ ಸಣ್ಣ ಹುಡುಗಿಯರು ಕಿಸಕ್ಕನೆ ನಕ್ಕರು. ಉಚ್ಚೆಂಗಮ್ಮ ನಗಲಿಲ್ಲ. ಅದನ್ನು ನೋಡಿ ಅವರೂ ಸುಮ್ಮನಾದರು.

ಆಮೇಲೆ ಅವಳು ಒಂದು ಗೆಜ್ಜೆಯನ್ನು ಮೊಮ್ಮಗಳ ಕೈಯಿಂದ ತೆಗೆದುಕೊಂಡು, ಸೀರೆ ಮೇಲೆತ್ತಿ, ತನ್ನ ಒಣಗಿದ ಕಾಲಿಗೆ ತಾನೇ ಕಟ್ಟಿಕೊಂಡಳು. ಬಿಗಿಯಾಗಿ ಎರಡು ಗಂಟು ಹಾಕಿದಳು. ಸ್ವಲ್ಪ ಹೊತ್ತು ಆ ಕಾಲನ್ನೇ ನೋಡುತ್ತ ಕೂತಳು. ಅಲುಗಾಡಿಸಲಿಲ್ಲ, ಸದ್ದೂ ಬರಲಿಲ್ಲ. ಆಮೇಲೆ ಗಂಟಿಗೆ ಕೈ ಹಾಕಿದಳು. ಗಂಟು ಸಡಿಲವಾಗಲೊಲ್ಲದು. ಹೇಮಾ ನೆರವಿಗೆಂದು ಬಗ್ಗಿದಳು. ಉಚ್ಚೆಂಗಮ್ಮ ಅವಳ ಕೈಯನ್ನು ಪಟ್ಟನೆ ಸರಿಸಿದಳು.

"ಬಿಡು. ನಾನ ಬಿಚ್ಚತೀನಿ."

ಹದಿಮೂರು ಹುಡುಗಿಯರು ನಿಂತೇ ಇದ್ದರು. ದೇವರ ಕೋಣೆಯ ಬಾಗಿಲಿಗೆ ಬಂದಿದ್ದ ಗಂಗಾಬಾಯಿಯವರು ಏನೋ ಹೇಳಲು ಬಾಯಿ ತೆರೆದವರು, ಹಾಗೆಯೇ ನಿಂತರು. ಬೀದಿಯಲ್ಲಿ ಒಂದರ ಹಿಂದೊಂದು ಲಾರಿ ಹೋದವು, ಬಾಗಿಲಿನಿಂದ ಧೂಳು ಬಂತು, ಕ್ಲಾಸಿನ ಹೊತ್ತು ಅರ್ಧ ಹೋಗಿಯೇಬಿಟ್ಟಿತು. ಶ್ರೀಲಕ್ಷ್ಮೀ ಕಾದಳು.

ಕೊನೆಗೆ ಗಂಟು ಬಿಚ್ಚಿತು. ಉಚ್ಚೆಂಗಮ್ಮ ಗೆಜ್ಜೆಯನ್ನು ಕಾಲಿನಿಂದ ತೆಗೆದು, ಒಂದು ಸಲ ಜಾಡಿಸಿ, ಮೊಮ್ಮಗಳ ಕೈಗೆ ಕೊಟ್ಟಳು.

"ತಗ. ಈಗ ಕುಣಿ ಹೋಗು" ಎಂದಳು.